ದೇಗುಲದ ಒಳಗತ್ತಲೆಗೆ ಯಾವ ಪುಟ್ಟ ಕ್ಯಾಮೆರಾ?

ಪ್ರಶ್ನೆ: ನಾನು ಇತಿಹಾಸದ ನಿವೃತ್ತ ಉಪನ್ಯಾಸಕ. ಶಾಸನಗಳನ್ನೂ ಹೊಯ್ಸಳ ದೇವಾಲಯಗಳ ಶಿಲ್ಪಗಳನ್ನೂ ಚಿತ್ರ ತೆಗೆದು ಇಟ್ಟುಕೊಳ್ಳುವುದು ನನ್ನ ಹವ್ಯಾಸ. ನನ್ನ ಫೋನಿನಲ್ಲಿ 108 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಆದರೂ ಬೇಲೂರಿನ ನವರಂಗದೊಳಗೆ ತೆಗೆದ ಚಿತ್ರಗಳಲ್ಲಿ ಕೆತ್ತನೆಯ ಸೂಕ್ಷ್ಮಗಳು ಮೇಣ ಮೆತ್ತಿದಂತೆ ಕಲಸಿಹೋಗುತ್ತವೆ. ಭಾರದ ಕ್ಯಾಮೆರಾ ಹೊರುವ ವಯಸ್ಸು ನನ್ನದಲ್ಲ. ಅಂಗಡಿಯಲ್ಲಿ ಎರಡು ಪುಟ್ಟ ಕ್ಯಾಮೆರಾಗಳನ್ನು ತೋರಿಸಿದರು. ಎರಡೂ 20 ಮೆಗಾಪಿಕ್ಸೆಲ್‌ನವು. ಒಂದಕ್ಕೆ 40 ಪಟ್ಟು ಜೂಮ್ ಇದೆ. ಇನ್ನೊಂದಕ್ಕೆ ನಾಲ್ಕೇ ಪಟ್ಟು ಇದ್ದರೂ ಬೆಲೆ ಬಹಳ ಹೆಚ್ಚು. ಆ ಹೆಚ್ಚಿನ ಬೆಲೆಗೆ ಸಿಗುವುದಾದರೂ ಏನು?
– ನಿವೃತ್ತ ಉಪನ್ಯಾಸಕರು, ಹಾಸನ

ಉತ್ತರ: ಹೆಚ್ಚಿನ ಬೆಲೆಗೆ ಸಿಗುವುದು ಬೆಳಕು. ನಿಮ್ಮ ಕೆಲಸಕ್ಕೆ ಬೇಕಾಗಿರುವುದೂ ಅದೇ.

40 ಪಟ್ಟು ಜೂಮ್ ಇರುವ ಜೇಬಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 1/2.3 ಇಂಚು ಎಂದು ಕರೆಯಲಾಗುವ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ, ಇರುತ್ತದೆ. ಅದರ ನಿಜವಾದ ಅಳತೆ ಸುಮಾರು 6.2 × 4.6 ಮಿ.ಮೀ., ಅಂದರೆ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ನಾಲ್ಕು ಪಟ್ಟು ಜೂಮ್‌ನ ದುಬಾರಿ ಕ್ಯಾಮೆರಾದಲ್ಲಿ ಇರುವುದು ಬಹುತೇಕ 1 ಇಂಚಿನ ವರ್ಗದ ಸೆನ್ಸರ್. ಅದರ ಅಳತೆ 13.2 × 8.8 ಮಿ.ಮೀ., ವಿಸ್ತೀರ್ಣ ಮೊದಲನೆಯದರ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು. ಇದರ ಜೊತೆಗೆ ಲೆನ್ಸಿನ ಅಪರ್ಚರನ್ನೂ, ಅಂದರೆ ಬೆಳಕು ಒಳಬರುವ ಕಿಂಡಿಯನ್ನೂ, ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ‘ಎಫ್’ ಮುಂದಿನ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 40 ಪಟ್ಟು ಜೂಮ್‌ನ ಕ್ಯಾನನ್ ಎಸ್‌ಎಕ್ಸ್740 ಎಚ್‌ಎಸ್ ಮಾದರಿಯ ಲೆನ್ಸ್ ಅಗಲ ಕೋನದಲ್ಲಿ ಎಫ್/3.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅದೇ ಕಂಪನಿಯ ಜಿ7 ಎಕ್ಸ್ ಮಾರ್ಕ್ 3 ಎಫ್/1.8ರವರೆಗೆ ತೆರೆಯುತ್ತದೆ. ಸೆನ್ಸರಿನ ವಿಸ್ತೀರ್ಣವನ್ನೂ ಅಪರ್ಚರಿನ ವ್ಯತ್ಯಾಸವನ್ನೂ ಒಟ್ಟಿಗೆ ಗುಣಿಸಿದರೆ, ಒಂದೇ ಷಟರ್ ವೇಗದಲ್ಲಿ ಎರಡನೆಯ ಕ್ಯಾಮೆರಾ ಚಿತ್ರವೊಂದಕ್ಕೆ ಸಂಗ್ರಹಿಸುವ ಬೆಳಕು ಮೊದಲನೆಯದಕ್ಕಿಂತ 13–14 ಪಟ್ಟು ಹೆಚ್ಚಾಗುತ್ತದೆ. ಬಯಲಿನ ಬಿಸಿಲಿನಲ್ಲಿ ಈ ಅಂತರ ಕಣ್ಣಿಗೆ ಬೀಳದೆ ಹೋಗಬಹುದು. ಮಂದ ಬೆಳಕಿನ ನವರಂಗದಲ್ಲಿ, ಅದರಲ್ಲೂ ಬೆಳಕನ್ನು ನುಂಗುವ ಕಪ್ಪು ಬಳಪದ ಕಲ್ಲಿನ ಎದುರು, ಇದೇ ಅಂತರ ಚಿತ್ರದ ಗುಣಮಟ್ಟವನ್ನು ನಿರ್ಧರಿಸುತ್ತದೆ.

ನಿಮ್ಮ ಫೋನಿನ ಚಿತ್ರಗಳು ಕಲಸಿಹೋಗುವುದಕ್ಕೂ ಬೆಳಕಿನ ಕೊರತೆಯೇ ಕಾರಣ. 108 ಮೆಗಾಪಿಕ್ಸೆಲ್ ಫೋನುಗಳು ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್‌ಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಉಳಿಸುತ್ತವೆ. ಕತ್ತಲಲ್ಲಿ ತೆಗೆದ ಚಿತ್ರದಲ್ಲಿ ಮೂಡುವ ಕಾಳುಕಾಳಾದ ಕಲೆಗಳನ್ನು, ಅಂದರೆ ನಾಯ್ಸ್ ಅನ್ನು, ತಂತ್ರಾಂಶವು ಒರೆಸಿ ನುಣುಪು ಮಾಡುತ್ತದೆ. ಯಾವುದು ನಾಯ್ಸ್, ಯಾವುದು ಉಳಿಯ ಗುರುತು ಎಂಬ ವಿವೇಚನೆ ಅದಕ್ಕಿಲ್ಲವಾದ್ದರಿಂದ ಮದನಿಕೆಯ ಆಭರಣದ ಮಣಿಗಳೂ ಅದರೊಂದಿಗೆ ಅಳಿಸಿಹೋಗುತ್ತವೆ. ಮೆಗಾಪಿಕ್ಸೆಲ್‌ಗಳ ಚಿಂತೆಯನ್ನಂತೂ ಇಲ್ಲಿಗೇ ಬಿಡಬಹುದು: ಎ4 ಹಾಳೆಯ ತುಂಬ, ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಲು 9 ಮೆಗಾಪಿಕ್ಸೆಲ್ ಕೂಡ ಬೇಕಾಗುವುದಿಲ್ಲ.

ದೂರದ ಗೋಪುರದ ಕಲಶವನ್ನು ಹತ್ತಿರಕ್ಕೆ ಎಳೆದು ತೋರಿಸುವ 40 ಪಟ್ಟು ಜೂಮ್ ಅಂಗಡಿಯ ಮುಂದೆ ನಿಂತಾಗ ಯಾರನ್ನಾದರೂ ಮರುಳು ಮಾಡುತ್ತದೆ. ಆದರೆ ಜೂಮಿನ ತುತ್ತತುದಿಯಲ್ಲಿ ಆ ಲೆನ್ಸಿನ ಅಪರ್ಚರ್ ಎಫ್/6.9ಕ್ಕೆ ಇಳಿಯುತ್ತದೆ. ಅಷ್ಟು ಕಿರಿದಾದ ಕಿಂಡಿಯನ್ನು ದಾಟಿ ಬರುವ ಬೆಳಕು ಚೆದುರುವುದರಿಂದ ಒಂದು ಬಿಂದುವಿನ ಬಿಂಬವು ಸೆನ್ಸರಿನ ಮೇಲೆ ಏಳೆಂಟು ಪಿಕ್ಸೆಲ್‌ಗಳಷ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ. ಅಲ್ಲಿಗೆ 20 ಮೆಗಾಪಿಕ್ಸೆಲ್ ಎಂಬುದು ಕಾಗದದ ಮೇಲಿನ ಅಂಕಿಯಾಗಿಯಷ್ಟೇ ಉಳಿಯುತ್ತದೆ. ಜೂಮಿನ ಪಟ್ಟನ್ನು ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚು ಹಾಕುವವರು ಸೆನ್ಸರಿನ ಅಳತೆಯನ್ನು ಕೈಪಿಡಿಯ ಕೊನೆಯ ಪುಟಗಳಿಗೆ ತಳ್ಳುವುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಮಾದರಿಗಳ ಮಾತು. 2019ರಲ್ಲಿ ಬಂದ ಜಿ7 ಎಕ್ಸ್ ಮಾರ್ಕ್ 3, 24ರಿಂದ 100 ಮಿ.ಮೀ.ಗೆ ಸಮನಾದ ಜೂಮ್ ವ್ಯಾಪ್ತಿಯನ್ನು ಎಫ್/1.8–2.8 ಅಪರ್ಚರಿನಲ್ಲಿ ನೀಡುತ್ತದೆ; ಮಿ.ಮೀ. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. ಭುವನೇಶ್ವರಿ ಎಂಬ ಮೇಲ್ಛಾವಣಿಯ ಕೆತ್ತನೆಗೆ 24 ಮಿ.ಮೀ., ಹೊರಗಿನ ಸೂರಿನಡಿಯ ಮದನಿಕೆಯರಿಗೆ 100 ಮಿ.ಮೀ. ಸಾಕು, ತೂಕ ಸುಮಾರು 300 ಗ್ರಾಂ. ಅದರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲದಿರುವುದು ಒಂದು ಕೊರತೆ; ಮಟಮಟ ಮಧ್ಯಾಹ್ನ ಪರದೆಯಲ್ಲಿ ಏನೂ ಕಾಣದಾದಾಗ ಅದು ಅರಿವಿಗೆ ಬರುತ್ತದೆ. ಸೋನಿ ಆರ್‌ಎಕ್ಸ್100 ಸರಣಿಯ ಮೂರನೆಯ ಮತ್ತು ಐದನೆಯ ಮಾದರಿಗಳಲ್ಲಿ ವ್ಯೂಫೈಂಡರ್ ಇದೆ, ಅಪರ್ಚರೂ ಅಷ್ಟೇ ದೊಡ್ಡದಿದೆ, ಆದರೆ ಜೂಮ್ 70 ಮಿ.ಮೀ.ಗೆ ನಿಲ್ಲುತ್ತದೆ. ಅದೇ ಸರಣಿಯ ಏಳನೆಯ ಮಾದರಿ ಹೊಸದು, ದುಬಾರಿ, 200 ಮಿ.ಮೀ.ವರೆಗೆ ಹೋಗುತ್ತದೆ ನಿಜ. ಅದಕ್ಕಾಗಿ ಅಪರ್ಚರನ್ನು ಎಫ್/2.8–4.5ಕ್ಕೆ ಇಳಿಸಿಕೊಂಡಿರುವುದರಿಂದ ನಿಮ್ಮ ನವರಂಗಕ್ಕೆ ಹಳೆಯದೇ ವಾಸಿ.

1 ಇಂಚಿನದಕ್ಕಿಂತ ದೊಡ್ಡದಾದ, ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ರಿಕೋ ಜಿಆರ್ 3 ಕೂಡ ಅಂಗಿಯ ಜೇಬಿಗೆ ಇಳಿಯುತ್ತದೆ, ಅದರ ಲೆನ್ಸಿನ ಹರಿತವಂತೂ ಪ್ರಸಿದ್ಧ. ಆದರೆ ಅದಕ್ಕೆ ಜೂಮ್ ಇಲ್ಲ, 28 ಮಿ.ಮೀ.ಗೆ ಸಮನಾದ ಒಂದೇ ಕೋನ, ಅಪರ್ಚರ್ ಎಫ್/2.8. ಸೆನ್ಸರ್ ಮೂರು ಪಟ್ಟು ದೊಡ್ಡದಾದರೂ ಲೆನ್ಸ್ ಕಿರಿದಾಗಿರುವ ಕಾರಣ, ಅಗಲ ಕೋನದಲ್ಲಿ ಎಫ್/1.8ರ 1 ಇಂಚಿನ ಕ್ಯಾಮೆರಾಕ್ಕಿಂತ ಅದಕ್ಕೆ ಸಿಗುವ ಬೆಳಕು ಮೂರನೇ ಒಂದು ಭಾಗದಷ್ಟು ಮಾತ್ರ ಹೆಚ್ಚು. ಸೆನ್ಸರನ್ನಾಗಲಿ ಅಪರ್ಚರನ್ನಾಗಲಿ ಒಂಟಿಯಾಗಿ ನೋಡಿ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ. ಫ್ಯೂಜಿಫಿಲ್ಮ್ ಎಕ್ಸ್100 ಸಿಕ್ಸ್ ಅತ್ಯುತ್ತಮ ಕ್ಯಾಮೆರಾ, ಆದರೆ ಅರ್ಧ ಕಿಲೋ ಮೀರಿದ ತೂಕ, ಲಕ್ಷ ದಾಟಿದ ಬೆಲೆ. ಜೂಮ್ ಅದರಲ್ಲೂ ಇಲ್ಲ. ನಿಮ್ಮ ಬಳಕೆಗೆ ನಾನು ಸೂಚಿಸುವುದು ಜಿ7 ಎಕ್ಸ್ ಮಾರ್ಕ್ 3.

ಕೊಂಡ ಮೇಲೆ ಸೆಟ್ಟಿಂಗಿನಲ್ಲಿ ಜೆಪೆಗ್ ಜೊತೆಗೆ ರಾ ಕಡತವನ್ನೂ, ಅಂದರೆ ಸೆನ್ಸರ್ ದಾಖಲಿಸಿದ್ದನ್ನು ತಿದ್ದದೆ ಇಡುವ ಕಡತವನ್ನೂ, ಉಳಿಸುವಂತೆ ಮಾಡಿಕೊಳ್ಳಿ. ನಾಯ್ಸನ್ನು ಎಷ್ಟು ಒರೆಸಬೇಕೆಂಬುದು ಆಗ ನಿಮ್ಮ ಕೈಯಲ್ಲಿರುತ್ತದೆ. ಶಿಲ್ಪ ಅಲುಗುವುದಿಲ್ಲವಾದ್ದರಿಂದ ಕಂಪನ ತಡೆಯುವ ವ್ಯವಸ್ಥೆಯನ್ನು ನಂಬಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದು, ಸೆಕೆಂಡಿನ 1/15ರಷ್ಟು ನಿಧಾನದ ಷಟರಿನಲ್ಲಿಯೂ ಚಿತ್ರ ತೆಗೆಯಬಹುದು. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕಾಗುವುದರಿಂದ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಶಾಸನದ ವಿಷಯ ಬೇರೆ. ಅಲ್ಲಿ ಕ್ಯಾಮೆರಾಕ್ಕಿಂತ ಬೆಳಕಿನ ಕೋನವೇ ಮುಖ್ಯ. ಎದುರಿನಿಂದ ಬೀಳುವ ಫ್ಲ್ಯಾಷ್ ಅಕ್ಷರದ ಕುಳಿಯೊಳಗಿನ ನೆರಳನ್ನೇ ಅಳಿಸಿಬಿಡುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಕಲ್ಲನ್ನು ಸವರಿಕೊಂಡು ಹೋಗುವ ಹೊತ್ತಿನಲ್ಲಿ, 50–70 ಮಿ.ಮೀ. ಜೂಮ್ ಇಟ್ಟುಕೊಂಡು, ಕ್ಯಾಮೆರಾವನ್ನು ಕಲ್ಲಿನ ಮುಖಕ್ಕೆ ಸಮಾನಾಂತರವಾಗಿ ಹಿಡಿಯಿರಿ. ನೆರಳಿನಲ್ಲಿರುವ ಕಲ್ಲಾದರೆ ಜೊತೆಗಿರುವವರು ಪಕ್ಕದಿಂದ ಟಾರ್ಚ್ ಹಿಡಿಯಲಿ, ಆದರೆ ಒಂದೇ ಬದಿಯಿಂದ ಹಿಡಿದರೆ ಸಾಲದು: ಬೆಳಕು ಹರಿಯುವ ದಿಕ್ಕಿನಲ್ಲಿಯೇ ಕೊರೆದಿರುವ ಗೆರೆಗಳಿಗೆ ನೆರಳು ಬೀಳುವುದಿಲ್ಲವಾದ್ದರಿಂದ ಅವು ಚಿತ್ರದಲ್ಲಿ ಕಾಣೆಯಾಗುತ್ತವೆ, ತಲೆಕಟ್ಟೋ ದೀರ್ಘವೋ ತಪ್ಪಿಹೋಗುತ್ತದೆ. ಪಕ್ಕದಿಂದ ಒಂದು, ಮೇಲಿನಿಂದ ಒಂದು, ಹೀಗೆ ಕನಿಷ್ಠ ಎರಡು ಚಿತ್ರಗಳಿರಲಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತುಂಬುವ ಅಥವಾ ಹಿಟ್ಟು ಸವರುವ ರೂಢಿಯನ್ನು ಇನ್ನೂ ಅಲ್ಲಲ್ಲಿ ನೋಡುತ್ತೇವೆ. ಕಲ್ಲಿಗೆ ಹಾನಿ ಮಾಡುವ ಆ ಕೆಲಸದ ಅಗತ್ಯ ಓರೆ ಬೆಳಕು ಇದ್ದಲ್ಲಿ ಇಲ್ಲವೇ ಇಲ್ಲ.

ಪ್ರಶ್ನೆ: 2014ರ ಸೋನಿ ಆರ್‌ಎಕ್ಸ್100 ಮಾರ್ಕ್ 3 ಕಡಿಮೆ ಬೆಲೆಗೆ ಬಳಸಿದ ಸ್ಥಿತಿಯಲ್ಲಿ ಸಿಗುತ್ತಿದೆ. ಇಷ್ಟು ಹಳೆಯದನ್ನು ಕೊಳ್ಳಬಹುದೆ? ಏನನ್ನು ಪರೀಕ್ಷಿಸಬೇಕು?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಕೊಳ್ಳಬಹುದು. ಅದರ 24–70 ಮಿ.ಮೀ., ಎಫ್/1.8–2.8 ಲೆನ್ಸ್ ಇಂದಿಗೂ ಹಳತಾಗಿಲ್ಲ. ಹಳತಾಗಿರುವುದು ಫೋಕಸಿನ ವೇಗ ಮತ್ತು ವಿಡಿಯೊ. ಓಡುವ ಮಕ್ಕಳನ್ನೋ ಹಾರುವ ಹಕ್ಕಿಯನ್ನೋ ಹಿಡಿಯುವ ಆಸೆಯಿದ್ದರೆ ಮಾತ್ರ ಬೇರೆಯದನ್ನು ನೋಡಿ.

ಲೆನ್ಸ್ ಬಿಚ್ಚಲಾಗದ ಕ್ಯಾಮೆರಾದ ಒಳಗೆ ಧೂಳು ಸೇರಿದರೆ ಮನೆಯಲ್ಲಿ ತೆಗೆಯಲಾಗುವುದಿಲ್ಲ. ಆದ್ದರಿಂದ ಅಪರ್ಚರನ್ನು ಎಫ್/11ಕ್ಕೆ ಇಳಿಸಿ, ಬಿಳಿಯ ಗೋಡೆಯ ಅಥವಾ ಖಾಲಿ ಆಕಾಶದ ಚಿತ್ರ ತೆಗೆದು, ಪರದೆಯಲ್ಲಿ ಹಿಗ್ಗಿಸಿ ಮೂಲೆಮೂಲೆಯನ್ನೂ ನೋಡಿ. ಮಸುಕಾದ ಬೂದು ಚುಕ್ಕೆಗಳಿದ್ದರೆ ಅದು ಸೆನ್ಸರಿನ ಮೇಲಿನ ಧೂಳು. ನಿಮ್ಮದು ಕರಾವಳಿಯಾದ್ದರಿಂದ ಎರಡನೆಯ ಪರೀಕ್ಷೆ ಇನ್ನೂ ಮುಖ್ಯ. ಕ್ಯಾಮೆರಾ ಚಾಲೂ ಮಾಡಿ ಲೆನ್ಸ್ ಹೊರಬಂದಾಗ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಗಾಜಿನ ಒಳಗೆ ಜೇಡರ ಬಲೆಯ ಎಳೆಗಳಂಥದು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಅಂಥದನ್ನು ಬಿಟ್ಟುಬಿಡಿ. ಲೆನ್ಸ್ ಹೊರಬರುವಾಗ ಕರಕರ ಸದ್ದು ಬರಬಾರದು, ಮೇಲೇಳುವ ವ್ಯೂಫೈಂಡರ್ ತಡವರಿಸದೆ ಏಳಬೇಕು. ಹಳೆಯ ಬ್ಯಾಟರಿ ದುರ್ಬಲವಾಗಿದ್ದರೆ ಚಿಂತೆಯಿಲ್ಲ, ಎನ್‌ಪಿ-ಬಿಎಕ್ಸ್1 ಬ್ಯಾಟರಿಗಳು ಈಗಲೂ ಸಿಗುತ್ತವೆ. ಮೂಲ ಬಿಲ್ಲನ್ನು ಕೇಳಿ ಪಡೆದು, ಅದರಲ್ಲಿರುವ ಸರಣಿ ಸಂಖ್ಯೆಯನ್ನು ಕ್ಯಾಮೆರಾದ ಮೇಲಿರುವ ಸಂಖ್ಯೆಯೊಂದಿಗೆ ಹೋಲಿಸಿ ನೋಡಿ. ಮನೆಗೆ ತಂದ ಮೇಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದೆ ಇರುವಾಗ, ಅದನ್ನು ಚರ್ಮದ ಚೀಲದಲ್ಲಿಡದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ.