ಹಳೇ ಬಾಗಿಲು ಜಾಗ ಮುಚ್ಚೋಕೆ ಜಿಪ್ಸಮ್ ಬೋರ್ಡ್ ಸಾಕಾ?

ಪ್ರಶ್ನೆ: ಕೋಲಾರದಲ್ಲಿ ನಮ್ದು ಹಳೇ ಮನೆ ಸಾರ್. ಹಾಲಿಂದ ರೂಮಿಗೆ ಎರಡು ಬಾಗ್ಲು, ಒಂದನ್ನ ಮುಚ್ಚಬೇಕು. ಮೇಸ್ತ್ರಿ ಇಟ್ಟಿಗೆ ಕಟ್ಟೋಣ ಅಂತಾರೆ, ಮಗ ಜಿಪ್ಸಮ್ ಬೋರ್ಡ್ ಅಂತಾನೆ. ಬೋರ್ಡ್ ಹಾಕಿದ್ರೆ ಸುತ್ತ ಬಿರುಕು ಬಿಡುತ್ತಾ?

ಉತ್ತರ: ಹೊರಗಿನ ಗೋಡೆ ಇಲ್ಲಾ ಬಾತ್‌ರೂಮ್ ಗೋಡೆ ಆಗಿದ್ರೆ ಮೇಸ್ತ್ರಿ ಮಾತೇ ಕೇಳಿ ಅಂತಿದ್ದೆ, ಮಾಲೂರು ಇಟ್ಟಿಗೆ ಹೇಗೂ ಪಕ್ಕದಲ್ಲೇ ಸಿಗುತ್ತೆ. ಆದ್ರೆ ಒಳಗಡೆ ಗೋಡೆಗೆ ಬೋರ್ಡ್ ಧಾರಾಳವಾಗಿ ಹಾಕಿ, ಕ್ಯೂರಿಂಗ್ ಅಂತ ಮನೆಯೊಳಗೆ ನೀರು ಹೊಡೆಯೋ ರಗಳೆ ಇಲ್ಲ, ಮುಂದೆ ಬಾಗ್ಲು ಬೇಕು ಅನ್ಸಿದ್ರೆ ಬಿಚ್ಚಬೋದು.

ಬಿರುಕು ಬರೋದು ಬೋರ್ಡಿಂದಲ್ಲ, ಅದು ಗಾರೆಗೆ ಸೇರೋ ಕಡೆ ಕೆಲಸ ಕೆಟ್ಟಾಗಿ ಮಾಡೋದ್ರಿಂದ. ಎಷ್ಟೋ ಜನ ಹಳೇ ಮರದ ಚೌಕಟ್ಟಿಗೇ ಬೋರ್ಡ್ ಹೊಡೆದುಬಿಡ್ತಾರೆ, ದಯವಿಟ್ಟು ಅದು ಬೇಡ, ಮರ ಮಳೆಗಾಲದಲ್ಲಿ ಹಿಗ್ಗುತ್ತೆ ಬೇಸಿಗೇಲಿ ಕುಗ್ಗುತ್ತೆ, ಗೆದ್ದಲು ಇದ್ರಂತೂ ಒಳಗೊಳಗೇ ತಿನ್ಕೊಂಡು ಹೋಗುತ್ತೆ. ಹೋಲ್ಡ್‌ಫಾಸ್ಟ್ (ಚೌಕಟ್ಟನ್ನ ಗೋಡೆಗೆ ಹಿಡಿದಿಡೋ ಕಬ್ಬಿಣದ ಪಟ್ಟಿ) ಕಟ್ ಮಾಡಿಸಿ ಚೌಕಟ್ಟು ಪೂರ್ತಿ ತೆಗೆಸಿ, ಮೇಲೆ ಗೋಡೆ ಭಾರ ಹೊರೋ ಲಿಂಟಲ್ ತೊಲೆ ಮಾತ್ರ ಮುಟ್ಟಬೇಡಿ.

ಆಮೇಲೆ ಜಿಐ ಚಾನಲ್ (ಸತು ಲೇಪಿಸಿದ ತಗಡಿನ ಪಟ್ಟಿ) ಫ್ರೇಮು. ಹಳೇ ಗೋಡೆ ದಪ್ಪ ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಅದಕ್ಕೇ ಹಾಲ್ ಕಡೆಗೊಂದು ರೂಮ್ ಕಡೆಗೊಂದು ಅಂತ ಬೇರೆ ಬೇರೆ ಫ್ರೇಮ್ ನಿಲ್ಲಿಸಿ. ಬೋರ್ಡ್ 12.5 ಮಿ.ಮೀ., ಸೋ ಫ್ರೇಮನ್ನ ಗಾರೆ ಮುಖದಿಂದ ಸುಮಾರು 14 ಮಿ.ಮೀ. ಒಳಗಿಡಿ, ಸಂದಿನ ಮೇಲೆ ಹಾಕೋ ಟೇಪು, ಕಾಂಪೌಂಡ್ (ಸಂದು ಮುಚ್ಚೋ ಪೇಸ್ಟು) ಕೂರೋಕೆ ಅಷ್ಟು ಜಾಗ ಬೇಕು. ಇದೊಂದು ತಪ್ಪಿದ್ರೆ ಉಬ್ಬು ಜನ್ಮಕ್ಕೂ ಹೋಗಲ್ಲ, ರಸಮಟ್ಟ ಇಟ್ಟು ನೀವೇ ನೋಡಿ. ಬೋರ್ಡ್ ಮಾಮೂಲಿ 6 ಅಡಿ ಉದ್ದ, ಬಾಗ್ಲು 7 ಅಡಿ, ಅಂದ್ರೆ ಒಂದು ಜಾಯಿಂಟ್ ಬಂದೇ ಬರುತ್ತೆ, ಅದರ ಹಿಂದೆ ಅಡ್ಡ ಚಾನಲ್ ಇರಲೇಬೇಕು. ಕೆಳಗೆ ನೆಲದಿಂದ 10 ಮಿ.ಮೀ. ಬಿಡಿಸಿ, ಇಲ್ಲಾಂದ್ರೆ ನೆಲ ಒರೆಸೋ ನೀರೆಲ್ಲ ಬೋರ್ಡ್ ಹೀರ್ಕೊಳುತ್ತೆ, ಆ ಸಂದು ಸ್ಕರ್ಟಿಂಗಲ್ಲಿ ಮುಚ್ಚೋಗುತ್ತೆ. 25 ಮಿ.ಮೀ. ಸ್ಕ್ರೂ ತಲೆ ಸ್ವಲ್ಪ ಒಳಗೆ ಹೋಗ್ಬೇಕು, ಪೇಪರ್ ಹರೀಬಾರ್ದು.

ಸುತ್ತ ಅಂಚಲ್ಲಿ ಹಳೇ ಪೇಂಟು 3 ಇಂಚು ಕೆರೆದು, ಜಾಯಿಂಟಿಂಗ್ ಕಾಂಪೌಂಡ್ ಜೊತೆ ಪೇಪರ್ ಟೇಪ್ ಹಾಕ್ಸಿ, ಅರ್ಧ ಗಾರೆ ಮೇಲೆ ಅರ್ಧ ಬೋರ್ಡ್ ಮೇಲೆ ಕೂರೋ ಹಾಗೆ. ಮೂರು ಕೋಟು, ಒಂದು ಒಣಗಿದ ಮೇಲೇ ಇನ್ನೊಂದು, ಪ್ರತಿ ಸಲ ಇನ್ನೂ ಅಗಲಕ್ಕೆ ಎಳೀಬೇಕು. ವಾಲ್ ಪುಟ್ಟಿ ತುಂಬ್ತೀನಿ ಅಂದ್ರೆ ಒಪ್ಪಬೇಡಿ, ಅದೇ ಮೊದಲು ಬಿರಿಯೋದು.

ಅಲ್ಲಿ ಟಿವಿ ಹಾಕೋ ಯೋಚನೆ ಇದ್ರೆ ಬೋರ್ಡ್ ಮುಚ್ಚೋ ಮುಂಚೆನೇ ಹೇಳಿ, ಟಿವಿ ಭಾರ ತಡೆಯೋಕೆ ಒಳಗೆ 18 ಮಿ.ಮೀ. ಪ್ಲೈವುಡ್ ಕೂರಿಸ್ಬೇಕಾಗುತ್ತೆ.