ಅಮೆರಿಕದ ಯುದ್ಧ, ಮುಂಬಯಿಯ ಹತ್ತಿ

ನಮಸ್ಕಾರ. ಅಮೆರಿಕದ ಅಂತರ್ಯುದ್ಧದಿಂದ ಮುಂಬಯಿಗೆ ಹರಿದುಬಂದ ಹಣ 1865ರಲ್ಲಿ ಕರಗಿದ್ದೇಕೆಂದು ಡೊಂಬಿವಲಿಯಲ್ಲಿ ಒಂಬತ್ತನೆಯ ತರಗತಿ ಓದುವ ನಿಮ್ಮ ಮಗಳು ಕೇಳಿದ್ದಾಳೆ. 1861ರಲ್ಲಿ ಯುದ್ಧ ಆರಂಭವಾಗಿ ಅಮೆರಿಕದ ದಕ್ಷಿಣ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಗಳಿಗೆ ಹತ್ತಿಯ ಪೂರೈಕೆ ಕುಸಿಯಿತು. ಗಿರಣಿಗಳಿಗೆ ಹತ್ತಿ ಬೇಕೇ ಬೇಕಾಗಿದ್ದರಿಂದ, ನಮ್ಮ ಧಾರವಾಡ ಸೀಮೆಯದೂ ಸೇರಿದಂತೆ ಮುಂಬಯಿಯ ಮೂಲಕ ಸಾಗುತ್ತಿದ್ದ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಬೇಡಿಕೆ-ಪೂರೈಕೆಯ ಪಾಠ ಇಷ್ಟೇ.

ಅವಳು ನಿಧಾನವಾಗಿ ಓದಬೇಕಾದುದು ಮುಂದಿನದನ್ನು. ಆ ಲಾಭವು ಕಡಲು ತುಂಬಿಸಿ ನೆಲ ಮಾಡುವ ಮುಂಬಯಿಯ ಬ್ಯಾಕ್ ಬೇ ಯೋಜನೆಯಂಥವುಗಳ ಷೇರುಗಳಿಗೆ ಹರಿಯಿತು, ಆ ಷೇರುಗಳನ್ನೇ ಒತ್ತೆಯಿಟ್ಟುಕೊಂಡು ಬ್ಯಾಂಕುಗಳು ಸಾಲ ಕೊಟ್ಟವು. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಇಳಿದೊಡನೆ ಷೇರುಗಳು ಬಿದ್ದವು, ಸಾಲ ಮರಳಲಿಲ್ಲ, ಕೊನೆಗೆ ಬ್ಯಾಂಕ್ ಆಫ್ ಬಾಂಬೆಯೂ ಮುಳುಗಿತು. ಆದ್ದರಿಂದ ಉತ್ತರದಲ್ಲಿ ಯುದ್ಧದ ಜೊತೆಗೆ ಸಾಲದ ಪಾತ್ರವನ್ನೂ ಅವಳು ತಪ್ಪದೆ ಬರೆಯಲಿ.