ಟರ್ನ್‌ಟೇಬಲ್ ಪರೀಕ್ಷೆಗೆ ಯಾವ ರೆಕಾರ್ಡ್ ಒಯ್ಯಬೇಕು?

ಮುಂಬೈಯ ಲ್ಯಾಮಿಂಗ್ಟನ್ ರಸ್ತೆಗೆ, ರೆಕಾರ್ಡ್ ನುಡಿಸುವ ಯಂತ್ರವಾದ ಟರ್ನ್‌ಟೇಬಲ್ ಕೊಳ್ಳಲು ಹೊರಟಿದ್ದೀರಿ, ಕೇಳಿ ನೋಡಲು ಯಾವ ರೆಕಾರ್ಡ್ ಒಯ್ಯಲಿ ಎಂದು ಕೇಳಿದ್ದೀರಿ. ಅಂಗಡಿಯವರು ಹಾಕುವ ಸಿನಿಮಾ ಹಾಡಿಗೆ ಮರುಳಾಗಬೇಡಿ. ಅಬ್ಬರದ ವಾದ್ಯವೃಂದ ಎಂಥ ಯಂತ್ರದ ಕುಂದನ್ನೂ ಮುಚ್ಚಿಬಿಡುತ್ತದೆ.

ನಾನು ಮೊದಲು ಕೈಗೆತ್ತಿಕೊಳ್ಳುವುದು ಭೀಮಸೇನ ಜೋಶಿಯವರ ಖಯಾಲಿನ ಎಲ್‌ಪಿ. ಮಾಟುಂಗದಲ್ಲಿ ನೆಲೆಸಿದ ಧಾರವಾಡದ ಕಡೆಯವನಿಗೆ ಗದಗಿನ ಗಾಯಕರ ಮೇಲೆ ಪಕ್ಷಪಾತ ಇದ್ದದ್ದೇ. ಆದರೆ ಇಲ್ಲಿ ನನಗೆ ಬೇಕಾದದ್ದು ಗಾಯನಕ್ಕಿಂತ ಹಿಂದಿನ ತಂಬೂರಿ. ಆಲಾಪ ಶುರುವಾಗುವ ಮೊದಲು ತಂಬೂರಿಯೊಂದೇ ನುಡಿಯುವ ಆ ಕೆಲವು ಕ್ಷಣಗಳನ್ನು ಕಿವಿಗೊಟ್ಟು ಕೇಳಿ. ಷಡ್ಜ ಅಲುಗಾಡದೆ ನಿಲ್ಲಬೇಕು. ಮೋಟಾರಿನ ವೇಗ ಏರಿಳಿದರೆ ಶ್ರುತಿ ತೂಗಾಡುತ್ತದೆ. ಸಂಗೀತ ಕಲಿಯದವರಿಗೂ ಅದು ಗೊತ್ತಾಗುತ್ತದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ತೂಗಾಟವೂ ಅದೇ ಲಯದಲ್ಲಿ ಬರುತ್ತಿದ್ದರೆ ರೆಕಾರ್ಡಿನ ತೂತು ನಟ್ಟನಡುವೆ ಇಲ್ಲದಿರಬಹುದು, ಇನ್ನೊಂದು ರೆಕಾರ್ಡ್ ಹಾಕಿ ನೋಡದೆ ಯಂತ್ರವನ್ನು ದೂರಬೇಡಿ.

ಎರಡನೆಯದಾಗಿ, ಅದೇ ರೆಕಾರ್ಡಿನ ಕೊನೆಯ ಭಾಗವನ್ನು ಹಾಕಿಸಿ. ಅಂಗಡಿಯಲ್ಲಿ ಯಾರೂ ಅಲ್ಲಿಯವರೆಗೆ ಕೇಳಿಸುವುದಿಲ್ಲ! ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿದರೆ, ಲೇಬಲ್ಲಿನ ಹತ್ತಿರ ಸರಿಯುವುದು 20ರ ಆಸುಪಾಸು. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟೇ ದನಿ ತುಂಬಬೇಕಾದ್ದರಿಂದ ಮುಳ್ಳಿನ ಸಾಮರ್ಥ್ಯ ಅಲ್ಲೇ ಬಯಲಾಗುತ್ತದೆ. ದ್ರುತ್‌ನ, ಎಂದರೆ ವೇಗದ ಭಾಗದ, ತಾನುಗಳೂ ಅಲ್ಲೇ ಇರುತ್ತವೆ. ‘ಸ’ಕಾರ ಉಗುಳಿದಂತೆ ಕೇಳಿಸಿದರೆ ಮುಳ್ಳು ಸವೆದಿರಬಹುದು, ಇಲ್ಲವೇ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ಓರೆಯಾಗಿ ಕೂತಿರಬಹುದು.

ಎರಡೂ ಸ್ಪೀಕರುಗಳಲ್ಲಿ ಒಂದೇ ದನಿ ಬರುವ ಮೋನೋ ರೆಕಾರ್ಡ್ ಕೂಡ ಒಂದಿರಲಿ, ಹಳೆಯದಾದರೂ ಅಡ್ಡಿಯಿಲ್ಲ. ದನಿ ಎರಡು ಸ್ಪೀಕರುಗಳ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಕಾರಣ ಕೇಳಿ. ಸ್ಟೀರಿಯೋಗೆ 1967ರ ‘ಕಾಲ್ ಆಫ್ ದ ವ್ಯಾಲಿ’ ರೆಕಾರ್ಡ್ ಸಾಕು: ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜಭೂಷಣ್ ಕಾಬ್ರಾ ಅವರ ಗಿಟಾರ್. ಸಂತೂರಿನ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು.

ರೆಕಾರ್ಡ್ ಚೋರ್ ಬಜಾರಿನ ಹಳೆ ಸಾಮಾನಿನ ಅಂಗಡಿಯಿಂದ ತಂದದ್ದಾದರೆ ಮೊದಲು ತೊಳೆದು ಒಣಗಿಸಿ. ಮುಂಬೈ ಮಳೆಗಾಲದ ಬೂಷ್ಟು ಗೆರೆಯೊಳಗೆ ಕೂತಿದ್ದರೆ ನೀವು ಪರೀಕ್ಷಿಸುವುದು ಕೊಳೆಯನ್ನೇ. ಇನ್ನು, ಸೂಟ್‌ಕೇಸಿನಂತಹ ಅಗ್ಗದ ಪ್ಲೇಯರುಗಳ ಮೇಲೆ ಒಳ್ಳೆಯ ರೆಕಾರ್ಡ್ ಹಾಕಲು ಬಿಡಲೇಬೇಡಿ. ಒಳ್ಳೆಯ ಕಾರ್ಟ್ರಿಜ್‌ಗಳಿಗೆ ಮುಳ್ಳಿನ ಮೇಲೆ 2 ಗ್ರಾಂ ಆಸುಪಾಸಿನ ಭಾರ ಸಾಕು, ಈ ಅಗ್ಗದ ಪ್ಲೇಯರುಗಳಲ್ಲಿ ಹಲವು 5 ಗ್ರಾಂವರೆಗೂ ಒತ್ತುತ್ತವೆ.